ನುಂಗದೆ ಕೊಟ್ಟ ತೀರ್ಪು

ಫೆಬ್ರವರಿಯ ಎರಡನೇ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ವರ್ನಾ ಪಾಸ್ಕೋ ಕ್ಲಿನಿಕ್ಕಿನ ಮಂಚದ ಮೇಲೆ ಅಂಗಾತ ಮಲಗಿ, ತಲೆಯನ್ನು ಮಾತ್ರ ಮೇಲೆತ್ತಿಕೊಂಡು ತನ್ನ ಕಾಲ್ಬೆರಳುಗಳನ್ನು ನೋಡುತ್ತಿದ್ದಳು. ತಲೆ ಎತ್ತಿದರೆ ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ಆಗ ಚರ್ಮದಡಿಯ ಗುಂಡಿ ಡಾಕ್ಟರ ಬೆರಳಿಗೆ ಸಿಗುತ್ತದೆ. ನಾಲ್ಕು ವರ್ಷದಿಂದ ಅವಳಿಗೆ ಇದು ರೂಢಿ. ಮೊದಲ ಸಲ ಹೀಗೆ ಮಲಗಿದಾಗ ಕಾಲ್ಬೆರಳು ಒಂದೂ ಕಂಡಿರಲಿಲ್ಲ. ಈಗ ಹತ್ತೂ ಕಾಣುತ್ತಿದ್ದವು.

"ಸಿಕ್ತು," ಅಂದರು ಡಾಕ್ಟರ್ ಫಾಮ್. ಹಳೆಯ ಡಾಕ್ಟರು ನಿವೃತ್ತರಾದ ಮೇಲೆ ಆ ತಿಂಗಳಷ್ಟೇ ಬಂದಿದ್ದ ಹೊಸಬರು, ವಯಸ್ಸಿನಲ್ಲಿ ವರ್ನಾಳ ಮಗಳಷ್ಟು. "ತೂಕ ತೊಂಬತ್ತೊಂದು. ಗುರಿ ಎಂಬತ್ತು ಅಂತ ಬರ್ದಿದೆ. ಇನ್ನೊಂಚೂರು ತುಂಬೋಣ್ವಾ?"

"ಇಲ್ಲ ಡಾಕ್ಟ್ರೇ, ತೆಗೀಬೇಕು. ಐದು ಪಾಯಿಂಟ್ ಎರಡಕ್ಕೆ ತನ್ನಿ."

"ತೆಗೆಯೋದಾ? ತೂಕ ಏರ್ತಿರೋವಾಗ?"

"ಏರ್ತಿರೋದಕ್ಕೇ. ಮತ್ತೆ, ಹನ್ನೆರಡು ದಿನ ಬಿಟ್ಟು ನಾನು ಸ್ಕೋನ್ ತಿನ್ನಬೇಕು. ಒಂದೆರಡಲ್ಲ, ಇಪ್ಪತ್ತೊಂಬತ್ತೋ ಮೂವತ್ತೋ."

ಡಾಕ್ಟರ್ ಫಾಮ್ ಸಿರಿಂಜನ್ನು ತಟ್ಟೆಯಲ್ಲಿಟ್ಟು ಅವಳ ಮುಖ ನೋಡಿದರು.

ವರ್ನಾಳ ಹೊಟ್ಟೆಯ ಮೇಲ್ತುದಿಗೆ ಸಿಲಿಕೋನಿನ ಒಂದು ಬಳೆ ತೊಡಿಸಿದ್ದಾರೆ. ಬಳೆಯ ಒಳಮೈ ಟೊಳ್ಳು. ಅದರಿಂದ ಹೊರಟ ಸಪೂರವಾದ ನಳಿಗೆ ಪಕ್ಕೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಹೊಲಿದಿಟ್ಟ ಗುಂಡಿಗೆ ಬಂದು ಸೇರುತ್ತದೆ. ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಳೆ ಉಬ್ಬಿ ಅನ್ನದ ದಾರಿ ಕಿರಿದಾಗುತ್ತದೆ. ನೀರು ತೆಗೆದರೆ ಸಡಿಲವಾಗುತ್ತದೆ. ತಂತ್ರವೆಲ್ಲ ಇಷ್ಟೇ. ಕಷ್ಟವಿರುವುದು ಎಷ್ಟು ತುಂಬಬೇಕು ಎಂಬುದರಲ್ಲಿ. ಆ ಸೋಮವಾರ ಅವಳ ಬಳೆಯಲ್ಲಿ ಇದ್ದದ್ದು ಆರು ಪಾಯಿಂಟ್ ಒಂದು ಮಿಲಿಲೀಟರ್.

ಮಿಲಿಲೀಟರಿನ ಲೆಕ್ಕ ವರ್ನಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟಾರ್ಲೋ ಊರಿನ ಹಾಲಿನ ಕಾರ್ಖಾನೆಯ ಪ್ರಯೋಗಾಲಯಕ್ಕೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಸೇರಿದವಳು, ಈಗ ಐವತ್ತೆಂಟು. ಗಿಪ್ಸ್‌ಲ್ಯಾಂಡಿನ ಆ ಮೂಲೆಯಲ್ಲಿ ಕರೆದ ಹಾಲೆಲ್ಲ ಅವಳ ಗಾಜಿನ ಕೊಳವೆಗಳನ್ನು ದಾಟಿಯೇ ಮುಂದೆ ಹೋಗಬೇಕು. ಹಾಲಿನಲ್ಲಿ ಕೊಬ್ಬು ಎಷ್ಟು ಎಂದು ಅಳೆಯುವುದು ಅವಳ ಕೆಲಸ. ನೂರ ಇಪ್ಪತ್ತೆಂಟು ಕಿಲೋ ತೂಗುತ್ತಿದ್ದ ಹೆಂಗಸು ಕೊಬ್ಬು ಅಳೆಯುತ್ತಾಳೆ ಎಂದ ಮೇಲೆ ಊರ ಬಾಯಿ ಸುಮ್ಮನಿರುತ್ತದೆಯೇ?

"ಕೊಬ್ಬು ಅಳೆಯೋಳಿಗೇ ಕೊಬ್ಬು ಜಾಸ್ತಿ," ಎಂದು ಒಬ್ಬ ರೈತ ಅವಳ ಕಿಟಕಿಯ ಮುಂದೆಯೇ ನಿಂತು ಅಂದಿದ್ದ.

ವರ್ನಾ ಕೊಳವೆಯಿಂದ ಕಣ್ಣು ತೆಗೆದಿರಲಿಲ್ಲ. "ನಿನ್ ಹಸುಗಳದ್ದು ಮೂರು ಪಾಯಿಂಟ್ ನಾಲ್ಕು. ನನ್ನ ಮೈಯಲ್ಲಿರೋದ್ರಲ್ಲಿ ಕಾಲು ಭಾಗ ಅವಕ್ಕಿದ್ದಿದ್ರೆ ನೀನು ಇಷ್ಟೊತ್ತಿಗೆ ಸಾಹುಕಾರ ಆಗಿರ್ತಿದ್ದೆ."

ಬಳೆ ತೊಡಿಸಿಕೊಂಡ ಮೇಲೆ ತೂಕ ಇಳಿಯತೊಡಗಿತು. ಆಗ ಊರು ಇನ್ನೊಂದು ಮಾತು ಹುಡುಕಿಕೊಂಡಿತು. ಸುಲಭದ ದಾರಿ ಹಿಡಿದಳಂತೆ. ಬಾಯಿ ಕಟ್ಟಲಾರದವಳು ಹೊಟ್ಟೆ ಕಟ್ಟಿಸಿಕೊಂಡಳಂತೆ. ಇದಕ್ಕೆ ಮಾತ್ರ ವರ್ನಾ ಉತ್ತರ ಕೊಡಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡಳು. ಸುಲಭ ಅನ್ನುತ್ತೀರಾ, ಸುಲಭವಲ್ಲ ಎಂದು ತೋರಿಸುತ್ತೇನೆ ಎಂಬ ಹಟ ಒಳಗೊಳಗೇ ಬೆಳೆಯಿತು. ಮುಂದಿನ ತಪ್ಪಿನ ಬೇರು ಇದ್ದದ್ದು ಅಲ್ಲಿಯೇ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು, ಸಂಬಳವಿಲ್ಲದ್ದು, ಗೌರವದ್ದು. ಕೃಷಿ ಮೇಳಗಳ ಅಡುಗೆ ಸ್ಪರ್ಧೆಗೆ ಅವಳು ಪರೀಕ್ಷೆ ಪಾಸಾದ ತೀರ್ಪುಗಾರಳು. ಆ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿದ್ದಳು. ಸ್ಕೋನ್ ಎಂದರೆ ಒಲೆಯಲ್ಲಿ ಉಬ್ಬಿಸಿ ಬೇಯಿಸಿದ, ಅಂಗೈಯೊಳಗೆ ಕೂರುವ ಮೈದಾದ ಬನ್ನು; ಅದನ್ನು ಚಾಕುವಿನಿಂದ ಕತ್ತರಿಸಿದ್ದೇ ಕಾರಣ. ಸ್ಕೋನನ್ನು ಕೈಯಿಂದ ಮುರಿಯಬೇಕು. ಮುರಿದಾಗ ನಡುವಿನಲ್ಲಿ ತಾನಾಗಿ ಬಿಟ್ಟುಕೊಳ್ಳಬೇಕು. ಬದಿಗಳು ನೆಟ್ಟಗೆ ಎದ್ದಿರಬೇಕು, ತಳದಲ್ಲಿ ಹಿಟ್ಟು ಉಳಿದಿರಬಾರದು. ಕೊನೆಗೆ ಒಂದು ತುಣುಕನ್ನು ಬಾಯಿಗೆ ಹಾಕಿ, ಅಗಿದು, ನುಂಗಬೇಕು. ಕಣ್ಣು, ಕೈ, ಮೂಗು, ನಾಲಿಗೆ, ಗಂಟಲು ಐದೂ ಒಪ್ಪಿದರೆ ಮಾತ್ರ ಅದು ತೀರ್ಪು. ತನ್ನೂರಿನ ಸ್ಪರ್ಧೆಗೆ ತಾನೇ ಕೂರುವಂತಿಲ್ಲ. ಹೀಗಾಗಿ ವರ್ನಾ ಇಪ್ಪತ್ತಾರು ಕಿಲೋಮೀಟರು ಆಚೆಯ ಕೂರಾಬಿನ್‌ ಊರಿನ ಮೇಳಕ್ಕೆ ಹೋಗುತ್ತಿದ್ದಳು. ಒಂಬತ್ತು ವರ್ಷ ಹೋದಳು. ತಟ್ಟೆಗಳ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೂ ಎಂಟು ವರ್ಷ ಮೊದಲ ಬಹುಮಾನದ ನಂಬರು ತೆಗೆದು ನೋಡಿದರೆ ಅದರ ಹಿಂದೆ ಎನಿಡ್ ಮೆಕ್‌ಫೀ ಎಂಬ ಹೆಸರೇ ಇರುತ್ತಿತ್ತು. ಎನಿಡಳಿಗೆ ಎಪ್ಪತ್ತು ದಾಟಿತ್ತು; ಕೂರಾಬಿನ್ನಿನಲ್ಲಿ ಮದುವೆಯಾಗಲಿ ತಿಥಿಯಾಗಲಿ, ಸ್ಕೋನು ಅವಳ ಒಲೆಯದೇ.

ಒಂಬತ್ತನೆಯ ವರ್ಷ, ಅಂದರೆ ಹಿಂದಿನ ಫೆಬ್ರವರಿಯಲ್ಲಿ, ಎಡವಟ್ಟಾಯಿತು.

ಅದಕ್ಕೆ ಮುಂಚೆ ಎರಡು ವರ್ಷ ಬಳೆ ಐದು ಪಾಯಿಂಟ್ ಎರಡರಲ್ಲಿ ನಿಂತಿತ್ತು. ತೂಕ ನಿಧಾನವಾಗಿ ಇಳಿದು ಎಂಬತ್ತೆಂಟಕ್ಕೆ ಬಂದಿತ್ತು. ನಿಧಾನ ವರ್ನಾಳಿಗೆ ಸಾಲಲಿಲ್ಲ. ಹಳೆಯ ಡಾಕ್ಟರಿಗೂ ಎಂಬತ್ತು ಎಂಬ ಗುರಿ ಬೇಗ ಮುಟ್ಟಿದರೆ ಸಂತೋಷವೇ. ನವೆಂಬರಿನಿಂದ ಮೂರು ಸಲ ಹೋಗಿ ಮೂರು ಸಲವೂ ಸೊನ್ನೆ ಪಾಯಿಂಟ್ ಮೂರು ತುಂಬಿಸಿಕೊಂಡಳು. ಮೂರನೆಯದು ಮೇಳಕ್ಕೆ ಒಂದು ವಾರವಿರುವಾಗ.

ಆ ಸಲ ಇಪ್ಪತ್ತೊಂಬತ್ತು ತಟ್ಟೆ. ಆರು ತುಣುಕು ಹೇಗೋ ಇಳಿದವು. ಏಳನೆಯದು ಎದೆಯ ನಡುವೆ ಕುಳಿತುಬಿಟ್ಟಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಾಯಲ್ಲಿ ಜೊಲ್ಲು ಉಕ್ಕಿ ಬಂತು. ವರ್ನಾ ಕರವಸ್ತ್ರ ಒತ್ತಿಕೊಂಡು ಪರದೆಯ ಹಿಂದೆ ಹೂವಿನ ಬಕೆಟ್ಟುಗಳಿದ್ದ ಕಡೆ ಓಡಿದಳು. ಅಲ್ಲಿ ಅದು ಹೊರಬಂತು. ಅವಳ ಜೊತೆ ಚೀಟಿ ಬರೆಯಲು ನಿಂತಿದ್ದ ಲೋರಿಸ್ ನೀರು ತಂದುಕೊಟ್ಟು, "ನಾನೇನೂ ನೋಡಿಲ್ಲ," ಅಂದಳು. ವರ್ನಾ ಮುಖ ತೊಳೆದು ಬಂದು ಉಳಿದದ್ದನ್ನೆಲ್ಲ ಕೈಯಲ್ಲಿ ಮುರಿದು, ಮೂಸಿ, ತೀರ್ಪು ಬರೆದಳು. ಏಳನೇ ತಟ್ಟೆಗೆ ಎರಡನೇ ಸ್ಥಾನ ಕೊಟ್ಟಳು. ಕಾರಣ: "ಒಂದು ಬದಿ ಸ್ವಲ್ಪ ವಾಲಿದೆ."

ಏಳನೇ ತಟ್ಟೆ ಎನಿಡಳದ್ದು.

ಲೋರಿಸ್ ಮಾತಿಗೆ ತಪ್ಪುವವಳಲ್ಲ. ಯಾರಿಗೂ ಹೇಳಲಿಲ್ಲ, ತನ್ನ ತಂಗಿಯೊಬ್ಬಳಿಗೆ ಬಿಟ್ಟು. ಜೂನಿನ ಚಳಿಗಾಲ ಬರುವಷ್ಟರಲ್ಲಿ ಎನಿಡಳ ಸ್ಕೋನ್ ತಿಂದು ತೀರ್ಪುಗಾರಳು ವಾಂತಿ ಮಾಡಿಕೊಂಡಳು ಎಂಬ ಸುದ್ದಿ ಎರಡೂ ಊರಿನಲ್ಲಿ ಹಬ್ಬಿತ್ತು. ನವೆಂಬರಿನಲ್ಲಿ ಮೇಳದ ಸಮಿತಿಯಿಂದ ವರ್ನಾಳಿಗೆ ಕಾಗದ ಬಂತು. ಈ ಸಲ ದಯವಿಟ್ಟು ಜಾಮಿನ ವಿಭಾಗ ನೋಡಿಕೊಳ್ಳಬೇಕು ಎಂದು ಸಮಿತಿಯ ವಿನಂತಿ. ಜಾಮು ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ ಎಂದು ಬರೆದಿರಲಿಲ್ಲ, ಅಷ್ಟೇ.

ವರ್ನಾ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಸಮಿತಿಯ ಸಭೆಯ ದಿನ ಕಾರು ಹತ್ತಿ ಕೂರಾಬಿನ್ನಿಗೆ ಹೋದಳು. ಸಭಾಂಗಣದಲ್ಲಿ ಹದಿನೈದು ಜನ, ಚಹಾ, ಹಣ್ಣಿನ ಕೇಕು. ಸಮಿತಿಯ ಅಧ್ಯಕ್ಷ ಡೆಸ್ ಹೂಲಿಹನ್ ದನದ ವ್ಯಾಪಾರಿ. ಹೋರಿಗಳ ಜಗಳವಾದರೆ ಬಿಡಿಸಿಯಾನು, ಹೆಂಗಸರ ಜಗಳವೆಂದರೆ ಟೋಪಿ ತಿರುಗಿಸುತ್ತ ನೆಲ ನೋಡುತ್ತಾನೆ.

"ಒಂದು ಮಾತು ಹೇಳಬೇಕು," ಎಂದು ವರ್ನಾ ಎದ್ದು ನಿಂತಳು. "ಹೋದ ಸಲ ಇದ್ದಿದ್ದು ಇಪ್ಪತ್ತೊಂಬತ್ತು ತಟ್ಟೆ. ನಾನು ನುಂಗಿದ್ದು ಆರು. ಉಳಿದ ಇಪ್ಪತ್ಮೂರನ್ನ ಮುರ್ದೆ, ಮೂಸ್ದೆ, ಬರ್ದೆ. ಅದು ತಪ್ಪು. ಬರ್ಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ.

"ಹಂಗಾದ್ರೆ ಜಾಮು..." ಅಂದ ಡೆಸ್.

"ಜಾಮ್ ನೋಡಲ್ಲ ಡೆಸ್. ನಾನು ಪರೀಕ್ಷೆ ಕೊಟ್ಟಿದ್ದು ಸ್ಕೋನಿಗೆ. ತಪ್ಪು ಮಾಡಿದ್ದೂ ಸ್ಕೋನಲ್ಲಿ. ಸರಿ ಮಾಡೋದೂ ಅಲ್ಲೇ."

ಹಿಂದಿನ ಸಾಲಿನಿಂದ ಎನಿಡ್ ಮಾತಾಡಿದಳು. ಅವಳ ದನಿ ಜೋರಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಹೊಟ್ಟೆಗೆ ಬೀಗ ಹಾಕಿಸ್ಕೊಂಡೋಳು ಇನ್ನೊಬ್ಬರ ಅಡುಗೆಗೆ ಏನ್ ತೀರ್ಪು ಕೊಡ್ತೀಯೇ? ನಂದನ್ನ ಉಗುಳಿ ಎರಡನೇದು ಅಂದ್ಯಲ್ಲ. ನಾನು ಆವತ್ತು ಬೆಳಗಿನ ಜಾವ ನಾಲ್ಕಕ್ಕೆ ಎದ್ದಿದ್ದೆ."

ವರ್ನಾ ತಿರುಗಿ ಅವಳನ್ನು ನೋಡಿದಳು. ಈ ಮಾತಿನಲ್ಲಿ ಅರ್ಧ ಬೈಗುಳ, ಅರ್ಧ ನಿಜ. ಬೈಗುಳವನ್ನು ಬಿಟ್ಟು ನಿಜಕ್ಕೆ ಮಾತ್ರ ಉತ್ತರ ಕೊಟ್ಟಳು. "ನೀವು ಹೇಳೋದು ಸರಿ ಎನಿಡ್. ಇನ್ನೊಂದು ಸಲ ಕೊಡಿ. ಎಷ್ಟು ತಟ್ಟೆ ಬಂದ್ರೂ ಎಲ್ಲಾ ನುಂಗ್ತೀನಿ."

"ಒಂದು ಬಿಟ್ರೆ?"

"ಒಂದು ಬಿಟ್ರೂ ನನ್ನ ತೀರ್ಪುಗಾರರ ಅರ್ಹತಾ ಪತ್ರಾನ ಅಲ್ಲೇ ಡೆಸ್ ಕೈಗೆ ಕೊಟ್ಟು ಹೋಗ್ತೀನಿ. ಜಾಮೂ ಬೇಡ, ಉಪ್ಪಿನಕಾಯೂ ಬೇಡ."

ಡೆಸ್ ಟೋಪಿ ತಿರುಗಿಸುವುದನ್ನು ನಿಲ್ಲಿಸಿ, "ಬರ್ಕೊಳ್ಳಿ," ಅಂದ. ಈ ಸಲ ಬರೆದುಕೊಂಡರು.

ಆ ಸಂಜೆ ಮನೆಗೆ ಬಂದು ವರ್ನಾ ತನ್ನ ನೋಟುಪುಸ್ತಕ ತೆಗೆದಳು. ಪ್ರಯೋಗಾಲಯದ ಅಭ್ಯಾಸ, ಬಳೆ ತೊಡಿಸಿದ ದಿನದಿಂದ ಬಳೆಯ ಅಳತೆ, ತಿಂದದ್ದು, ತೂಕ ಎಲ್ಲವನ್ನೂ ದಿನವೂ ಬರೆದಿದ್ದಳು. ಬರೆದಿದ್ದಳು, ಓದಿರಲಿಲ್ಲ. ಊರಿನ ಹಾಲಿನ ಲೆಕ್ಕವನ್ನೆಲ್ಲ ಓದಿ ಹೇಳುವವಳು ತನ್ನ ಲೆಕ್ಕವನ್ನು ಒಂದು ಸಲವೂ ಕೂಡಿಸಿ ನೋಡಿರಲಿಲ್ಲ. ಆ ರಾತ್ರಿ ಎರಡು ಕಾಲಂ ಎಳೆದಳು. ಐದು ಪಾಯಿಂಟ್ ಎರಡಿದ್ದಾಗ: ಕುರಿಮಾಂಸದ ಸಣ್ಣ ತುಂಡು, ಬೀನ್ಸು, ಬಟಾಣಿ, ಅರ್ಧ ಆಲೂಗಡ್ಡೆ, ಬ್ರೆಡ್ಡಿನ ಒಂದು ಹೋಳು. ಆರು ಪಾಯಿಂಟ್ ಒಂದಾದ ಮೇಲೆ: ಐಸ್‌ಕ್ರೀಂ, ಕಸ್ಟರ್ಡು, ಕರಗಿದ ಚಾಕೊಲೇಟು, ಮತ್ತೆ ಐಸ್‌ಕ್ರೀಂ. ದಾರಿ ಕಿರಿದಾದಾಗ ಗಟ್ಟಿ ಊಟ ನಿಂತಿತ್ತು. ಜಾರುವಂಥದ್ದೆಲ್ಲ ಜಾರುತ್ತ ಹೋಗಿತ್ತು. ಎಂಬತ್ತೆಂಟಿದ್ದ ತೂಕ ತೊಂಬತ್ತೊಂದಾಗಿತ್ತು. ಇಷ್ಟು ದಿನ ಶಿಸ್ತು ಎಂದುಕೊಂಡು ಅನುಭವಿಸಿದ್ದು ಬರೀ ಹಿಂಸೆ ಎಂದು ಅವಳದೇ ಕೈಬರಹ ಹೇಳುತ್ತಿತ್ತು.

ಹೊಸ ಡಾಕ್ಟರು ಬರುವವರೆಗೆ ಮೂರು ತಿಂಗಳು ಕಾಯಬೇಕಾಯಿತು. ಕಾದಳು, ಬರೆಯುತ್ತ ಹೋದಳು.

ಈಗ ಆ ಪುಸ್ತಕವೇ ಡಾಕ್ಟರ್ ಫಾಮ್ ಅವರ ಕೈಯಲ್ಲಿತ್ತು. ವರ್ನಾ ಮಂಚದ ಮೇಲೆ ಎದ್ದು ಕುಳಿತಿದ್ದಳು. ಡಾಕ್ಟರು ಹಾಳೆ ತಿರುಗಿಸಿ ತಿರುಗಿಸಿ ಓದಿದರು, ಅವಸರ ಮಾಡಲಿಲ್ಲ.

"ರಾತ್ರಿ ಕೆಮ್ಮು ಅಂತ ಇದೆ. ಎಷ್ಟು ದಿನದಿಂದ?"

"ಒಂದು ವರ್ಷದಿಂದ. ಮಲಗಿದ್ರೆ ಹುಳಿ ಮೇಲೆ ಬರುತ್ತೆ. ನನ್ನ ಗಂಡ ರೆಕ್ಸ್ ಮಂಚದ ತಲೆ ಕಡೆ ಇಟ್ಟಿಗೆ ಕೊಟ್ಟಿದ್ದಾನೆ. ಗುಡ್ಡದ ಮೇಲೆ ಮಲಗಿದಂಗಿದೆ, ಬೆಳಗಾಗೋದ್ರೊಳಗೆ ಕಾಲ ಹತ್ರ ಜಾರಿರ್ತೀನಿ ಅಂತಾನೆ."

ಡಾಕ್ಟರ್ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು. "ಇಷ್ಟಾದ್ರೂ ಯಾಕೆ ಸಡಿಲ ಮಾಡಿಸ್ಕೊಳ್ಳಲಿಲ್ಲ?"

"ಸಡಿಲ ಮಾಡಿಸ್ಕೊಂಡ್ರೆ ಸೋತ ಹಾಗೆ ಅನ್ಕೊಂಡಿದ್ದೆ."

"ತುಂಬಾ ಬಿಗಿ ಇರೋದೂ ತಪ್ಪೇ ವರ್ನಾ, ತುಂಬಾ ಸಡಿಲ ಇದ್ದ ಹಾಗೆ. ನೀವು ಆವತ್ತೇ ಬರಬೇಕಿತ್ತು. ಸರಿ, ಐದು ಪಾಯಿಂಟ್ ಎಂಟು ಮಾಡೋಣ. ಒಂದು ತಿಂಗಳು ನೋಡಿ ಆಮೇಲೆ ಇಳಿಸೋಣ."

"ಪುಟ ನಲವತ್ಮೂರು ನೋಡಿ. ಐದು ಪಾಯಿಂಟ್ ಎಂಟು, ಡಿಸೆಂಬರ್. ಬ್ರೆಡ್ಡಿನ ಅಂಚು ಸಿಕ್ಕಾಕ್ಕೊಂಡಿತ್ತು, ಇಪ್ಪತ್ತು ನಿಮಿಷ."

"ಐದು ಪಾಯಿಂಟ್ ಐದು?"

"ಪುಟ ನಲವತ್ತು. ಬ್ರೆಡ್ ಇಳೀತು, ಆದ್ರೆ ಮೂರನೇ ತುತ್ತಿಗೆ ನಿಂತೋಯ್ತು. ನನಗೆ ಮೂವತ್ತು ತುತ್ತು ಬೇಕು ಡಾಕ್ಟ್ರೇ. ಐದು ಪಾಯಿಂಟ್ ಎರಡು."

"ನೀವು ಸ್ಪರ್ಧೆಗೋಸ್ಕರ ಕೇಳ್ತಿದ್ದೀರೋ, ಆರೋಗ್ಯಕ್ಕೋಸ್ಕರ ಕೇಳ್ತಿದ್ದೀರೋ?"

ವರ್ನಾ ಯೋಚಿಸಿ, ಇದ್ದದ್ದನ್ನೇ ಹೇಳಿದಳು. "ಬಂದಿದ್ದು ಸ್ಪರ್ಧೆಗೋಸ್ಕರ. ಆದ್ರೆ ಸ್ಪರ್ಧೆ ಇಲ್ಲದಿದ್ರೂ ಪುಸ್ತಕದಲ್ಲಿ ಇರೋದು ಅದೇ ಅಂಕಿ."

ಡಾಕ್ಟರ್ ಫಾಮ್ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು. "ಮಲಗಿ," ಅಂದರು.

ಸೂಜಿ ಒಳಗೆ ಹೋಯಿತು. ಬಳೆಯಲ್ಲಿದ್ದ ನೀರನ್ನೆಲ್ಲ ಹೊರಗೆಳೆದು ಡಾಕ್ಟರು ಸಿರಿಂಜನ್ನು ಬೆಳಕಿಗೆ ಹಿಡಿದು, "ಆರು ಪಾಯಿಂಟ್ ಎರಡು," ಅಂದರು.

"ಗುಳ್ಳೆ ಇದೆ ಡಾಕ್ಟ್ರೇ. ಗುಳ್ಳೆ ಬಿಟ್ಟು ಓದಿ."

ಡಾಕ್ಟರು ಬೆರಳಿನಿಂದ ಸಿರಿಂಜನ್ನು ತಟ್ಟಿ ಗುಳ್ಳೆ ಬಿಡಿಸಿ ಓದಿದರು. ಆರು ಪಾಯಿಂಟ್ ಒಂದು. "ಮೂವತ್ತೊಂಬತ್ತು ವರ್ಷ ಇದೇ ಕೆಲಸ," ಎಂದು ವರ್ನಾ ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದಳು. ಐದು ಪಾಯಿಂಟ್ ಎರಡು ವಾಪಸು ಒಳಗೆ ಹೋಯಿತು. ಎದ್ದು ಕುಳಿತು ಒಂದು ಲೋಟ ತಣ್ಣೀರು ಕುಡಿದಳು. ನೀರು ಎಲ್ಲೂ ನಿಲ್ಲದೆ, ಎಲ್ಲೂ ಗೊರಗೊರ ಅನ್ನದೆ ಇಳಿದುಹೋಯಿತು. ಒಂದು ವರ್ಷದಲ್ಲಿ ಮೊದಲ ಸಲ.

ಆ ರಾತ್ರಿ ರೆಕ್ಸ್ ಮಂಚದ ಕೆಳಗಿನ ಇಟ್ಟಿಗೆ ತೆಗೆದ. ತೆಗೆದು ಹೊರಗೆ ಎಸೆಯಲಿಲ್ಲ. ಗೋಡೆಯ ಪಕ್ಕ ಜೋಡಿಸಿಟ್ಟು, "ಇರ್ಲಿ, ನಿನ್ ಹಟ ನನಗ್ಗೊತ್ತು," ಅಂದ.

ಮಾರನೆಯ ದಿನ ಡಾಕ್ಟರು ಹೇಳಿದಂತೆ ಬರೀ ಗಂಜಿ, ಸೂಪು. ಬುಧವಾರದಿಂದ ಅಭ್ಯಾಸ. ಮನೆಯಲ್ಲೇ ಸ್ಕೋನು ಬೇಯಿಸಿ, ತೂಕದ ತಕ್ಕಡಿಯಲ್ಲಿಟ್ಟು ಮುರಿದಳು. ಒಂದು ತುಣುಕು ಮೂರು ಗ್ರಾಮು, ಕಿರುಬೆರಳ ಉಗುರಿಗಿಂತ ತುಸು ದೊಡ್ಡದು. ಇಪ್ಪತ್ತೈದು ಸಲ ಅಗಿಯಬೇಕು, ನುಂಗಬೇಕು, ಒಂದು ನಿಮಿಷ ಕಾಯಬೇಕು. ನೋಡುವುದು, ಮುರಿಯುವುದು, ಬರೆಯುವುದು ಸೇರಿದರೆ ತಟ್ಟೆಗೆ ನಾಲ್ಕು ನಿಮಿಷ. ಮೂವತ್ತು ತಟ್ಟೆಗೆ ಎರಡು ಗಂಟೆ. ಮೇಳದ ಬಾಗಿಲು ತೆರೆಯುವುದು ಹನ್ನೊಂದಕ್ಕೆ. ಡೆಸ್‌ಗೆ ಫೋನು ಮಾಡಿ, ಬೆಳಿಗ್ಗೆ ಎಂಟೂವರೆಗೆ ಸ್ಪರ್ಧೆ ನಡೆಯುವ ಮಂಟಪದ ಬೀಗ ತೆಗೆದಿರಬೇಕೆಂದು ಹೇಳಿದಳು.

"ಯಾವಾಗ್ಲೂ ಒಂಬತ್ತೂವರೆಗಲ್ವಾ?"

"ಯಾವಾಗ್ಲೂ ನಾನು ಗಬಗಬ ನುಂಗ್ತಿದ್ದೆ ಡೆಸ್."

ಶನಿವಾರ ವರ್ನಾ ಎಂಟೂಕಾಲಕ್ಕೇ ತಗಡಿನ ಮಂಟಪದ ಮುಂದೆ ನಿಂತಿದ್ದಳು. ಬೀಗದ ಕೈಯಿದ್ದವನು ಕುದುರೆ ಲಾಯದಲ್ಲಿ ಮಾತಿಗೆ ಸಿಕ್ಕಿಕೊಂಡು ಬಂದದ್ದು ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ. ಬಾಗಿಲು ಮುಚ್ಚಿಕೊಂಡು ಒಳಗೆ ಉಳಿದವರು ಇಬ್ಬರೇ, ವರ್ನಾ ಮತ್ತು ಚೀಟಿ ಬರೆಯುವ ಲೋರಿಸ್. ಬಿಳಿ ಬಟ್ಟೆ ಹಾಸಿದ ಮೇಜಿನ ಉದ್ದಕ್ಕೂ ತಟ್ಟೆ, ಒಂದೊಂದರಲ್ಲಿ ಆರಾರು ಸ್ಕೋನು. ವರ್ನಾ ಬೆರಳು ಮಾಡಿ ಎಣಿಸಿದಳು. ಕಳೆದ ಸಲಕ್ಕಿಂತ ಎರಡು ತಟ್ಟೆ ಹೆಚ್ಚು.

"ಜಗಳ ನೋಡೋಕೆ ಬಂದಿರೋರು," ಅಂದಳು ಲೋರಿಸ್. "ತಮ್ಮ ಸ್ಕೋನ್ ನಿನ್ ಗಂಟಲಲ್ಲಿ ಸಿಕ್ಕಾಕ್ಕೊಂಡ್ರೆ ಹೆಸರು ಬರುತ್ತಲ್ಲ ಅಂತ."

ಎಂಟು ಗಂಟೆ ಐವತ್ತೈದಕ್ಕೆ ಮೊದಲ ಸ್ಕೋನು ಮುರಿಯಿತು. ವರ್ನಾಳ ಕೈ ಒಂದೇ ಹದದಲ್ಲಿ ನಡೆಯಿತು. ಮುರಿ, ಮೂಸು, ಅಗಿ, ನುಂಗು, ಕಾಯಿ. ಲೋರಿಸ್ ಗೋಡೆಯ ಗಡಿಯಾರ ನೋಡಿ ನಿಮಿಷ ಹೇಳುತ್ತಿದ್ದಳು. ಹನ್ನೆರಡನೇ ತಟ್ಟೆ ನೋಡಿದರೆ ಕಣ್ಣು ತಣಿಯುವಂತಿತ್ತು. ಆರೂ ಒಂದೇ ಎತ್ತರ, ಬದಿಯ ಗೆರೆ ನೂಲು ಹಿಡಿದಷ್ಟು ನೇರ. ವರ್ನಾ ತುಣುಕನ್ನು ಬಾಯಿಗಿಟ್ಟು ಅಗಿಯುವಾಗ ಹುಬ್ಬು ಗಂಟಿಕ್ಕಿದಳು. ನುಂಗಿದ ಮೇಲೆ ಇನ್ನೊಂದು ತುಣುಕು ಮುರಿದು ಮತ್ತೆ ನುಂಗಿದಳು. ಏನೋ ಬರೆಸಿದಳು.

ಹತ್ತು ಗಂಟೆ ಒಂಬತ್ತು ನಿಮಿಷಕ್ಕೆ ಹತ್ತೊಂಬತ್ತನೇ ತಟ್ಟೆ. ನಡುವೆ ಸರಿಯಾಗಿ ಬೇಯದ, ಹಿಟ್ಟಿನ ಮುದ್ದೆಯಂಥ ಸ್ಕೋನು. ಅದಕ್ಕೆ ಬಹುಮಾನ ಬರುವುದಿಲ್ಲ ಎಂದು ಮುರಿದಾಗಲೇ ಗೊತ್ತಾಗಿತ್ತು. ಆದರೂ ತುಣುಕು ಬಾಯಿಗೆ ಹೋಯಿತು. ಇಪ್ಪತ್ತೈದರ ಬದಲು ನಲವತ್ತು ಸಲ ಅಗಿದಳು. ನುಂಗಿದಳು. ಅದು ಎದೆಯ ನಡುವೆ ಬಂದು ನಿಂತಿತು.

ವರ್ನಾ ಪೆನ್ಸಿಲ್ ಕೆಳಗಿಟ್ಟಳು. ಬಾಯಲ್ಲಿ ಜೊಲ್ಲು ಏಳುತ್ತಿತ್ತು. ಲೋರಿಸ್ ಹತ್ತಿರ ಬಂದು ಮೆಲ್ಲಗೆ, "ಪರದೆ ಹಿಂದೆ ಹೋಗ್ಬಾರೇ. ಹೋಗ್ಲಿ, ಅದೊಂದು ಹಾಳು ಸ್ಕೋನು. ನಾನೇನೂ ನೋಡಿಲ್ಲ," ಅಂದಳು.

ವರ್ನಾ ಬೇಡವೆಂದು ತಲೆಯಾಡಿಸಿದಳು. ಮಾತಾಡುವ ಹಾಗಿರಲಿಲ್ಲ. ಒಂದು ಚೀಟಿ ಎಳೆದುಕೊಂಡು ಬರೆದು ತೋರಿಸಿದಳು: ಹೋದ ಸಲಾನೂ ನೀನೇನೂ ನೋಡಿರಲಿಲ್ಲ.

ಲೋರಿಸಳ ಮುಖ ಕೆಂಪಾಯಿತು. ಹೋಗಿ ಕೇಕುಗಳ ಮೇಲಿನ ನೊಣ ಓಡಿಸುತ್ತ ನಿಂತಳು.

ನೀರು ಕುಡಿದರೆ ಇನ್ನೂ ಕೆಡುತ್ತದೆ, ಇದು ಪುಸ್ತಕದ ಆರನೇ ಪುಟದಲ್ಲೇ ಇತ್ತು. ವರ್ನಾ ಭುಜ ಹಿಂದಕ್ಕೆ ಮಾಡಿ, ಬೆನ್ನು ನೆಟ್ಟಗಿಟ್ಟು ನಿಧಾನವಾಗಿ ನಡೆದಳು. ಜಾಮಿನ ಮೇಜು ದಾಟಿದಳು, ಹೂಕೋಸಿನ ಸಾಲು ದಾಟಿದಳು, ತಿರುಗಿ ಬಂದಳು. ಐದು ನಿಮಿಷ. ಹತ್ತು ನಿಮಿಷ. ಒಂದು ತುಣುಕು ಉಗುಳಿದರೆ ಯಾರಿಗೂ ತಿಳಿಯದು. ಲೋರಿಸಳ ತಂಗಿಗೂ ಈ ಸಲ ತಿಳಿಯದು. ವರ್ನಾಳಿಗೆ ತಿಳಿಯುತ್ತದೆ, ಅಷ್ಟೇ. ಹನ್ನೊಂದನೇ ಸುತ್ತಿನಲ್ಲಿ ಜಾಮಿನ ಬಾಟಲಿಗಳು ಮತ್ತೆ ಎದುರಾದವು. ಅವುಗಳ ಕಡೆ ನೋಡದೆ ಹೋದಳು. ಹತ್ತು ಗಂಟೆ ಮೂವತ್ತಕ್ಕೆ ಎದೆಯಲ್ಲಿ ಏನೋ ಸಡಿಲಿ, ಜಾರಿ, ಹೋಯಿತು. ವರ್ನಾ ಒಂದು ಉಸಿರು ಬಿಟ್ಟು, "ಹತ್ತೊಂಬತ್ತು. ಒಳಗೆ ಬೆಂದಿಲ್ಲ. ಬರ್ಕೋ," ಅಂದಳು.

ಹನ್ನೊಂದಕ್ಕೆ ಸರಿಯಾಗಿ ಡೆಸ್ ಬಾಗಿಲು ಬಡಿದ. ಹೊರಗೆ ಜನ ಸೇರಿದ ಗದ್ದಲ ಕೇಳಿಸುತ್ತಿತ್ತು. ಆಗಿನ್ನೂ ಐದು ತಟ್ಟೆ ಉಳಿದಿದ್ದವು.

"ವರ್ನಾ, ಜನ ಬಿಸಿಲಲ್ಲಿ ನಿಂತಿದ್ದಾರೆ ಕಣಮ್ಮಾ."

"ಟೋಪಿ ಹಾಕ್ಕೊಳ್ಳೋಕೆ ಹೇಳು."

"ಇನ್ನೆಷ್ಟೊತ್ತು?"

"ಇನ್ನೈದು ಸ್ಕೋನ್ ಹೊತ್ತು."

"ಕೊನೇವು ಸಾಧಾರಣವಾಗಿವೆ," ಅಂದಳು ಲೋರಿಸ್, ಈ ಸಲ ಅವಳನ್ನು ಪಾರುಮಾಡುವ ಆಸೆಯಿಂದಲ್ಲ, ಬರೀ ಪರೀಕ್ಷಿಸುವವಳ ಹಾಗೆ. "ಮೂಸಿದ್ರೂ ಗೊತ್ತಾಗುತ್ತೆ."

"ಅವನ್ನ ಮಾಡಿದೋಳೂ ನಾಲ್ಕು ಗಂಟೆಗೆ ಎದ್ದಿರ್ತಾಳೆ," ಎಂದು ವರ್ನಾ ಮುಂದಿನ ಸ್ಕೋನನ್ನು ಮುರಿದಳು.

ಬಾಗಿಲು ತೆರೆದದ್ದು ಹನ್ನೊಂದು ಗಂಟೆ ಇಪ್ಪತ್ತಾರು ನಿಮಿಷಕ್ಕೆ. ಅಷ್ಟು ತಡವಾಗಿ ಆ ಬಾಗಿಲು ಯಾವ ವರ್ಷವೂ ತೆರೆದಿರಲಿಲ್ಲ ಎಂದು ಡೆಸ್ ಆಮೇಲೂ ಬಹಳ ದಿನ ಹೇಳುತ್ತಿದ್ದ. ಜನ ನುಗ್ಗಿದರು. ನುಗ್ಗಿದವರು ಹೂವಿನ ಕಡೆ ಹೋಗಲಿಲ್ಲ, ಕೇಕಿನ ಕಡೆ ಹೋಗಲಿಲ್ಲ. ಎನಿಡ್‌ಗೆ ದಾರಿ ಬಿಟ್ಟು ಅವಳ ಹಿಂದೆ ಸ್ಕೋನಿನ ಮೇಜಿಗೆ ಬಂದರು.

ಮೊದಲ ಬಹುಮಾನ ಕೂರಾಬಿನ್ನಿನ ಹೊರವಲಯದ ಒಬ್ಬ ಹೊಸ ಹೆಣ್ಣುಮಗಳಿಗೆ ಬಂದಿತ್ತು. ಹನ್ನೆರಡನೇ ತಟ್ಟೆಗೆ ಎರಡನೆಯದು. ಈಗ ನಂಬರಿನ ಪಕ್ಕದಲ್ಲಿ ಹೆಸರಿನ ಚೀಟಿ ಇಟ್ಟಿದ್ದರು: ಎನಿಡ್ ಮೆಕ್‌ಫೀ. ಎನಿಡ್ ಕನ್ನಡಕ ಏರಿಸಿ ಕಾರಣ ಓದಿದಳು. "ಆಕಾರದಲ್ಲಿ ಕುಂದಿಲ್ಲ. ಉಪ್ಪು ಕಡಿಮೆ."

"ಮತ್ತೆ ಎರಡನೇದೇ," ಅಂದಳು.

"ಹೂಂ," ಅಂದಳು ವರ್ನಾ.

"ಉಪ್ಪು ಕಮ್ಮಿನಾ?"

"ಕಮ್ಮಿ. ಎರಡು ಸಲ ತಿಂದು ನೋಡ್ದೆ. ಹಿಂದಿನ ವರ್ಷಗಳಲ್ಲಿ ಹಿಂಗಿರ್ತಿರಲಿಲ್ಲ."

ಜಗಳ ನೋಡಲು ಬಂದವರು ಕತ್ತು ಉದ್ದ ಮಾಡಿದರು. ಎನಿಡ್ ವರ್ನಾಳ ಕಡೆ ಬಾಗಿ, ಅವಳಿಗಷ್ಟೇ ಕೇಳುವ ಹಾಗೆ ಹೇಳಿದಳು. "ಬಿಪಿ ಕಣೇ. ಉಪ್ಪು ಕಮ್ಮಿ ಮಾಡು ಅಂತ ಡಾಕ್ಟ್ರು ಪ್ರಾಣ ತಿಂದ್ರು. ಒಂದೂವರೆ ವರ್ಷ ಆಯ್ತು, ಮನೇಲಿ ಅಳತೆ ಚಮಚಾನೇ ಬದಲಾಯಿಸಿಬಿಟ್ಟೆ. ಯಾರಿಗೂ ಹೇಳಿರಲಿಲ್ಲ."

"ಮೇಳಕ್ಕೆ ಬೇರೆ ಚಮಚ ಇಟ್ಕೊಳ್ಳಿ."

"ಹಂಗಾದ್ರೆ ಹೋದ ವರ್ಷಾನೂ ಕಮ್ಮಿ ಇತ್ತಾ?"

"ಹೋದ ವರ್ಷದ್ದು ನನಗ್ಗೊತ್ತಿಲ್ಲ ಎನಿಡ್. ವಾಲಿದೆ ಅಂತ ಬರ್ದೆ. ಉಪ್ಪಿನ ವಿಷಯ ಕೈಗೂ ಗೊತ್ತಾಗಲ್ಲ, ಮೂಗಿಗೂ ಗೊತ್ತಾಗಲ್ಲ. ಆವತ್ತು ರುಚಿ ಗಮನಿಸೋ ಮೊದಲೇ ಸಿಕ್ಕಾಕ್ಕೊಂಡ್ತು, ನಾನು ಅದನ್ನ ನುಂಗಿರಲಿಲ್ಲ."

ಎನಿಡ್ ಕನ್ನಡಕ ಇಳಿಸಿ, ಮಡಿಚಿ, ಚೀಲದಲ್ಲಿಟ್ಟಳು. ಆಮೇಲೆ ಮೇಜಿನ ಆಚೆ ನಿಂತಿದ್ದ ಡೆಸ್‌ಗೂ, ಅವನ ಹಿಂದಿದ್ದವರಿಗೂ, ಬಾಗಿಲ ಬಳಿ ಇದ್ದವರಿಗೂ ಕೇಳುವಂತೆ ದನಿಯೆತ್ತಿ ಕೇಳಿದಳು.

"ಈ ಸಲ ಎಷ್ಟು ನುಂಗ್ದೆ?"

ವರ್ನಾ ಅಷ್ಟೇ ಗಟ್ಟಿಯಾಗಿ ಹೇಳಿದಳು.

"ಮೂವತ್ತೊಂದು."